ಡಾಕ್ಟ್ರಮ್ಮ ಮುಟ್ಟಗೊಡದ ಸರ್ವರ್

ಮೊನ್ನೆ ಸರ್ವರಿನ ಕಪಾಟು ತೆಗೆದರೆ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಮಳೆಗಾಲದ ಬೂಷ್ಟು ವಾಸನೆ ಹೋಗಲಿ ಅಂತ ಡಾಕ್ಟ್ರಮ್ಮ ಇಟ್ಟಿದ್ದ ಗುಳಿಗೆಗಳು... ಸವೆದು ಕಡಲೆಕಾಳಿನಷ್ಟಾಗಿವೆ.

ಮೂಡಿಗೆರೆಯ ಈ ಸ್ಕ್ಯಾನಿಂಗ್ ಸೆಂಟರ್ ಅವರದ್ದೇ. ಕಂಪ್ಯೂಟರ್ ನೋಡಿಕೊಳ್ಳುವವನು ನಾನು. ಸ್ಕ್ಯಾನ್ ಮಂಗಳೂರಿನ ತಜ್ಞರಿಗೆ ಹೋಗಬೇಕು, ಅವರು ಹೇಳಿದ ಮೇಲೆಯೇ ಇಲ್ಲಿ ಚಿಕಿತ್ಸೆ. ಮಳೆ ಹಿಡಿಯಿತೋ, ಕಳಿಸಿದ್ದು ತೆವಳುತ್ತಿತ್ತು. ಆಗ ಡಾಕ್ಟ್ರಮ್ಮ ಹೊರಗೆ ಬಂದು ಕಾಯುತ್ತ ಕೂತವರನ್ನೆಲ್ಲ ಗದರುತ್ತಿದ್ದರು: "ಮೊಬೈಲ್ ಆಫ್ ಮಾಡಿ ಎಲ್ರೂ! ನೀವೆಲ್ಲ ವಿಡಿಯೋ ನೋಡ್ತಾ ಕೂತ್ರೆ ಲೈನು ಜಾಮ್ ಆಗದೆ ಇನ್ನೇನು?" ಎಸ್ಟೇಟಿನ ಸಾಹುಕಾರರೂ ತೆಪ್ಪಗೆ ಆಫ್ ಮಾಡುತ್ತಿದ್ದರು.

ಜಾಮೂ ಇಲ್ಲ, ಮಣ್ಣೂ ಇಲ್ಲ! ನಮ್ಮದು ಗುಡ್ಡದ ಟವರಿನಿಂದ ಗಾಳಿಯಲ್ಲಿ ಬರುವ ಲೈನು. ಮಳೆಗೆ, ಕಳಿಸಿದ ಸ್ಕ್ಯಾನಿನ ಅಲ್ಲೊಂದು ಇಲ್ಲೊಂದು ತುಣುಕು ಕಳೆದುಹೋಗುತ್ತಿತ್ತು. ಸರ್ವರಿನಲ್ಲಿದ್ದ ಕ್ಯೂಬಿಕ್ ಅನ್ನುವ ಸೆಟ್ಟಿಂಗು, ತುಣುಕು ಕಳೆದರೆ ಸಾಕು, ಮುಂದೆ ದಟ್ಟಣೆ ಇದೆ ಅಂದುಕೊಂಡು ವೇಗ ಇಳಿಸಿಬಿಡುತ್ತಿತ್ತು. ಥೇಟ್ ಡಾಕ್ಟ್ರಮ್ಮನ ಬುದ್ಧಿ. ಅದನ್ನು ತೆಗೆದು ಬಿಬಿಆರ್ ಅನ್ನುವ ಇನ್ನೊಂದು ಸೆಟ್ಟಿಂಗು ಹಾಕಿದರೆ ಲೈನಿನ ತಾಕತ್ತು ಅಳೆದು ಕಳಿಸುತ್ತದೆ. ಒಂದೆರಡು ಸಾಲಿನ ಕೆಲಸ, ಅಷ್ಟೆ. ಡಾಕ್ಟ್ರಮ್ಮ ಒಪ್ಪಬೇಕಲ್ಲ!

"ಮುಟ್ಬೇಡ ಮಾರಾಯ. ಹಿಂದೊಬ್ಬ ಹೀಗೇ ಕೈ ಹಾಕಿ ವಾರಗಟ್ಟಲೆ ಬಾಗಿಲು ಹಾಕ್ಬೇಕಾಯ್ತು. ಪಾಪ, ರೋಗಿಗಳೆಲ್ಲ ಘಾಟಿ ಇಳಿದು ಹೋದ್ರು."

"ಸರಿಯಾಗದಿದ್ರೆ ಹಳೇದಕ್ಕೇ ತಿರುಗಿಸ್ತೇನೆ, ಡಾಕ್ಟ್ರಮ್ಮ."

"ನಡೀತಾ ಉಂಟಲ್ಲ?"

ದೊಡ್ಡವರನ್ನು ಹಾಗನ್ನಬಾರದು, ಆದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಗಿತ್ತು ನನ್ನ ಪಾಡು. ಯಾರೂ ಕೈಯಾಡಿಸಬಾರದು ಅಂತ ಪಾಸ್‌ವರ್ಡನ್ನೂ ತಮ್ಮ ತಲೆಯಲ್ಲೇ ಇಟ್ಟುಕೊಂಡಿದ್ದರು.

ಆಷಾಢದ ಒಂದು ಬೆಳಿಗ್ಗೆ, ಯಾರನ್ನೋ ಗದರುತ್ತಿದ್ದವರು ಹಾಗೇ ಕುರ್ಚಿಗೆ ಕುಸಿದರು. ಬಾಯಿ ಸೊಟ್ಟಗಾಗಿತ್ತು. ನಾವೇ ಸ್ಕ್ಯಾನ್ ಮಾಡಿದೆವು. ಮಂಗಳೂರಿನವರು ನೋಡಿ ಹೇಳಿದರೆ ಮಾತ್ರ ಮಿದುಳಿನ ಹೆಪ್ಪು ಕರಗಿಸುವ ಇಂಜೆಕ್ಷನ್ನು, ಅದನ್ನೂ ಹೊತ್ತು ಮೀರುವ ಮೊದಲೇ ಕೊಡಬೇಕು. ಹೊರಗೆ ಜಡಿಮಳೆ. ಪಾಸ್‌ವರ್ಡ್ ಬಲ್ಲವರ ನಾಲಿಗೆ ಹೊರಳುತ್ತಿರಲಿಲ್ಲ... ಅದನ್ನು ಬದಲಿಸಲು ಸರ್ವರ್ ನಿಲ್ಲಿಸಿದರೆ ಹೋಗುತ್ತಿದ್ದ ಸ್ಕ್ಯಾನೂ ನಿಲ್ಲುತ್ತಿತ್ತು. ಸ್ಕ್ಯಾನ್ ತೆವಳುತ್ತಲೇ ಇತ್ತು. ತಲೆ ಕೆಟ್ಟು ಹೊರಗೆ ಬಂದೆ. ಯಾರೂ ಹೇಳಿರಲಿಲ್ಲ. ಕಾಯುತ್ತಿದ್ದವರೆಲ್ಲ ಮೊಬೈಲ್ ಆಫ್ ಮಾಡಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

ಉತ್ತರ ಬರುವಾಗ ಹೊತ್ತು ಮೀರಿತ್ತು.

ಡಾಕ್ಟ್ರಮ್ಮ ತೀರಿಹೋದ ಮೇಲೆ ಸರ್ವರ್ ನಿಲ್ಲಿಸಿ, ಹೊಸ ಪಾಸ್‌ವರ್ಡ್ ಹಾಕಿ, ಸೆಟ್ಟಿಂಗ್ ಬದಲಿಸಿದೆ. ಈಗ ಎಂಥ ಮಳೆಯಲ್ಲೂ ಸ್ಕ್ಯಾನ್ ಬೇಗ ತಲುಪುತ್ತದೆ. ತಲುಪಿದಾಗಲೆಲ್ಲ ನನಗೆ ಅವರ ಮೇಲೆ ಸಿಟ್ಟು ಬರುತ್ತದೆ. ಇಷ್ಟು ಹಟ ಯಾಕೆ ಬೇಕಿತ್ತು?

ಮೊನ್ನೆ ಕಪಾಟು ಮುಚ್ಚಿ ಹೊರಗೆ ಬರುವಾಗ ಮಳೆ ಶುರುವಾಗಿತ್ತು. ಬೆಂಚಿನಲ್ಲಿದ್ದ ಅಜ್ಜಿಯೊಬ್ಬರು ಮೊಬೈಲ್ ಆಫ್ ಮಾಡಿ ಪಕ್ಕದವರಿಗೂ ಹೇಳಿದರು: "ಆಫ್ ಮಾಡಿ. ಡಾಕ್ಟ್ರಮ್ಮ ಇದ್ದಿದ್ರೆ ಬೈತಿದ್ರು."

ಈಗ ಅದೆಲ್ಲ ಬೇಕಾಗಿಲ್ಲ ಅಜ್ಜಿ, ಅನ್ನಲು ಹೋದೆ. ಹೋದವನು ನನ್ನ ಮೊಬೈಲನ್ನೂ ತೆಗೆದು ಆಫ್ ಮಾಡಿದೆ. ಬೈಯಲಿಕ್ಕಾದರೂ ಇರಬಾರದಿತ್ತಾ ಅವರು...