ದನಿ ಬಂದ ಟಿವಿ, ಕೆಟ್ಟ ಕಥೆ

ಗೆಳೆಯರೇ, ಇವತ್ತು ಕುಬಿಹಾಳದ ಗಂಗವ್ವನವರ ಮನೆಗೆ ಟಿವಿ ರಿಪೇರಿಗೆ ಹೋಗಿದ್ದೆ. ಚಿತ್ರವಿತ್ತು, ದನಿಯಿರಲಿಲ್ಲ. ಹಿಂಬದಿ ಬಿಚ್ಚಿ ನೋಡಿದರೆ ಸ್ಪೀಕರೇ ಸತ್ತಿತ್ತು. ಹೊಸದು ಹಾಕಿದ ಕೂಡಲೇ ಧಾರಾವಾಹಿಯ ಹುಡುಗಿಯ ಅಳು ಮನೆ ತುಂಬಿತು.

ಗಂಗವ್ವನವರ ಯಜಮಾನರಿಗೆ ಕಿವಿ ಸರಿಯಾಗಿ ಕೇಳದು. "ಏನಂತಾಳ ಆಕಿ?" ಎಂದು ಹೆಂಡತಿಯತ್ತ ಬಾಗಿದರು.

ಗಂಗವ್ವ ನನಗೆ ಮೆಲ್ಲಗೆ ಹೇಳಿದರು: "ಟಿವಿ ಮಾತು ದಿನಾ ನಾನ ಇವರಿಗೆ ಹೇಳಾಕಿ, ತಮ್ಮಾ. ದನಿ ಹೋತಂತ ಸುಮ್ನ ಕುಂತ್ರ ಇವರ ಮಾರಿ ಸಣ್ಣದಾಕ್ಕೈತಿ. ಅದಕ್ಕ ಹೋದ ವಾರ ನಾನ ಕಥಿ ಕಟ್ಟಿ ಈ ಹುಡುಗಿ ಲಗ್ನಾನೂ ನಾನ ಮಾಡಿಬಿಟ್ಟೇನಿ."

"ಲಗ್ನಾದಾಕಿ ಯಾಕ ಅಳ್ತಾಳ?" ಅಜ್ಜ ಬಿಡಲಿಲ್ಲ.

ಟಿವಿಯಲ್ಲಿ ಅವಳಿಗಿನ್ನೂ ವರನೇ ಸಿಕ್ಕಿರಲಿಲ್ಲ. ಗಂಗವ್ವ ಗಂಡನ ಕಿವಿಗೆ ಬಾಯಿಟ್ಟು ಕೂಗಿದರು: "ತವರಮನಿ ನೆನಪಾತಂತ್ರಿ!"

ಅಜ್ಜ ಕಣ್ಣೊರೆಸಿಕೊಂಡರು. ಟಿವಿಯ ಕಥೆಗೆ ತಮ್ಮ ಕಥೆ ಹೊಂದಿಸುವ ಕೆಲಸ ಇನ್ನು ದಿನಾ ಗಂಗವ್ವನವರದು. ರಿಪೇರಿ ಮಾಡಿ ನಾನು ಒಬ್ಬರಿಗೆ ಇಷ್ಟು ತೊಂದರೆ ಕೊಟ್ಟದ್ದು ಇದೇ ಮೊದಲು.