ಮಾತು ಬಂದಾಗ ಸುಮ್ಮನಿರುವ ವಿದ್ಯೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಹರಡಿಕೊಂಡಿರುವ ನಮ್ಮ ಶಿಕ್ಷಣ ಸಂಸ್ಥೆಯ ಶಾಲೆಗಳಲ್ಲಿ ಮಕ್ಕಳ ಮನಃಶಾಸ್ತ್ರವೆಂಬುದು ಬಹುಕಾಲ 'ದಂಡಂ ದಶಗುಣಂ' ಎಂಬಲ್ಲಿಗೇ ಮುಗಿದುಹೋಗುತ್ತಿತ್ತು. ಅದನ್ನು ಅಲ್ಲಿಂದ ಎಬ್ಬಿಸಿ ಮುಂದಕ್ಕೆ ನಡೆಸಿದವರು ಯಾರೆಂದು ಕೇಳಿದರೆ, ಬೆತ್ತ ಹಿಡಿದು ನಿವೃತ್ತರಾದ ಹಿರಿಯರೂ ಸೇರಿ ಎಲ್ಲರೂ ಹೇಳುವ ಹೆಸರು ಒಂದೇ: ಶ್ರೀಮತಿ ತ್ರಿಶಲಾ ಮಗದುಮ್ಮ. ಈ ತಿಂಗಳು ಸೇವೆಯಿಂದ ನಿವೃತ್ತರಾಗುತ್ತಿರುವ ಅವರನ್ನು ಹೊಗಳುವುದು ಸುಲಭವಲ್ಲ. ಹೊಗಳಿಕೆಯನ್ನು ಯಾವಾಗ, ಎಷ್ಟು, ಯಾವ ದನಿಯಲ್ಲಿ ಕೊಡಬೇಕೆಂದು ನಮಗೆಲ್ಲ ಪಾಠ ಹೇಳಿದವರೇ ಅವರು.

ಅವರು ಹುಟ್ಟಿದ್ದು ಶಿರಗುಪ್ಪಿಯ ಕಬ್ಬು ಬೆಳೆಯುವ ಜೈನ ಮನೆತನದಲ್ಲಿ. ಸಹಶಿಕ್ಷಕಿಯಾಗಿ ಸೇವೆಗೆ ಸೇರಿ, ತಮ್ಮ ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ, ಒಲೆಯ ಮುಂದೆ ಪುಸ್ತಕ ತೆರೆದಿಟ್ಟುಕೊಂಡು ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿದರು. ಸಂಸ್ಥೆಯವರು ಸಂತೋಷಪಟ್ಟು ಅವರನ್ನು ಎಲ್ಲ ಶಾಲೆಗಳಿಗೂ ಆಪ್ತಸಮಾಲೋಚಕಿಯೆಂದು ನೇಮಿಸಿದರು. ಆ ಹುದ್ದೆಯವರು ಏನು ಮಾಡಬೇಕೆಂಬುದು ಮಾತ್ರ ನೇಮಿಸಿದವರಿಗೂ ತಿಳಿದಿರಲಿಲ್ಲ. ಮೊದಲ ವರ್ಷ ನಿಪ್ಪಾಣಿಯಲ್ಲಿ ಪಾಲಕರೊಬ್ಬರು ತಮ್ಮ ಅಳಿಯನನ್ನು ಬುದ್ಧಿ ಹೇಳಿಸಲು ಎಳೆದುತಂದರು. ಕಾಗವಾಡದಲ್ಲಿ ಇನ್ನೊಬ್ಬರು ಹಾಲು ಕೊಡಲೊಲ್ಲದ ಎಮ್ಮೆಯ ಮನಸ್ಸನ್ನು ತಿಳಿದು ಹೇಳಿರೆಂದರು. ತ್ರಿಶಲಾ ಅವರು ಅಳಿಯನಿಗೆ ಚಹಾ ಕುಡಿಸಿದರು, ಎಮ್ಮೆಯನ್ನು ಪಶುವೈದ್ಯರಲ್ಲಿಗೆ ಕಳಿಸಿದರು.

ಅವರ ಬಳಿ ಒಂದು ಪ್ರಶ್ನೆಯಿತ್ತು, ಅದಕ್ಕೆ ಐದೂ ತಾಲೂಕುಗಳ ಶಿಕ್ಷಕರು ಹೆದರುತ್ತಿದ್ದರು. ರಾಯಬಾಗದ ಕಡೆಯ ಮಾಸ್ತರರೊಬ್ಬರು ಕಾಗುಣಿತ ತಪ್ಪಿದ ಮಕ್ಕಳನ್ನು ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದರು. ತ್ರಿಶಲಾ ಅವರು ತಾವೂ ಆ ಸಾಲಿನಲ್ಲಿ ಹೋಗಿ ನಿಂತು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೇಳಿದರು: "ಇದರಿಂದ ಯಾರಿಗರೆ ಕಾಗುಣಿತ ಬಂದೈತೇನ್ರಿ ಸರ್?"

"ಮೊದಲಿಂದ ಹಿಂಗ ಮಾಡ್ಕೋತ ಬಂದೇವ್ರಿ" ಎಂದರು ಮಾಸ್ತರರು.

"ಮಾಡ್ಕೋತ ಬಂದದ್ದು ಗೊತ್ತೈತ್ರಿ. ಬಂದದ್ದೇನು?"

ಮಾಸ್ತರರು ಮಕ್ಕಳನ್ನು ನೆರಳಿಗೆ ಕರೆದರು. ಹಾಗೆಂದು ತ್ರಿಶಲಾ ಅವರು ಹಳೆಯದನ್ನೆಲ್ಲ ಹಳಿದವರಲ್ಲ. ಹೊಸ ಪುಸ್ತಕದಲ್ಲಿ ಬಂದದ್ದನ್ನೂ ಇದೇ ಪ್ರಶ್ನೆಯಿಂದ ಸೋಸುತ್ತಿದ್ದರು. ಯಾರಾದರೂ ಮಾಡಿ ನೋಡಿದ್ದಾರೆಯೆ, ಮಗುವಿಗೆ ಉಪಯೋಗವಾಗಿದೆಯೆ, ನಮ್ಮೂರ ಮಗುವಿಗೂ ಆಗುತ್ತದೆಯೆ: ಇಷ್ಟೇ ಅವರ ಶಾಸ್ತ್ರ. ಆ ಶಾಸ್ತ್ರಕ್ಕೆ ಅತಿ ಕಠಿಣ ಪರೀಕ್ಷೆ ಬಂದದ್ದು ಅಥಣಿ ತಾಲೂಕಿನ ಐಗಳಿಯ ನಮ್ಮ ಶಾಲೆಯಲ್ಲಿ.

ಅಲ್ಲಿ ಎರಡನೆಯ ತರಗತಿಯಲ್ಲಿ ಗಂಗಾ ಎಂಬ ಕುರುಬರ ಹುಡುಗಿಯಿದ್ದಳು. ಶಾಲೆಗೆ ತಪ್ಪದೆ ಬರುವಳು, ಬರೆಯುವಳು, ಲೆಕ್ಕ ಮಾಡುವಳು. ಬಾಯಿ ಮಾತ್ರ ತೆರೆದವಳಲ್ಲ. ಹಾಜರಿ ಕೂಗಿದಾಗ ಇಡೀ ತರಗತಿ ಅವಳ ಪರವಾಗಿ "ಬಂದಾಳ್ರೀ!" ಎಂದು ಕಿರುಚುತ್ತಿತ್ತು. ನಾಲಿಗೆ ಅಂಟಿದೆ ಎಂದು ಕೆಲವರು, ಗಾಳಿ ಸೋಕಿದೆ ಎಂದು ಕೆಲವರು, ಸೊಕ್ಕು ಎಂದು ಉಳಿದವರು. ಜೇನುತುಪ್ಪ, ಗುಡಿಯ ಅಂಗಾರ, ಚಾಕಲೇಟು ಎಲ್ಲ ಆಗಿದ್ದವು. ಅವಳ ತಂದೆ ಮಲಕಾರಿ ಕೊನೆಗೆ ಒಂದು ನಿರ್ಧಾರಕ್ಕೆ ಬಂದಿದ್ದ. ದೀಪಾವಳಿ ಕಳೆದೊಡನೆ ಕುರಿಗಳು ಮೇವಿಗಾಗಿ ಊರು ಬಿಡುತ್ತವೆ. ಗಂಗಾಳನ್ನು ಅಜ್ಜಿ ಕೆಂಪವ್ವನ ಹತ್ತಿರ ಬಿಟ್ಟು ಹೋಗದೆ ಈ ಸಲ ಜೊತೆಗೇ ಕರೆದೊಯ್ಯುವುದು, ಶಾಲೆಯ ಮಾತು ಅಲ್ಲಿಗೆ ಮುಗಿಯುವುದು.

"ನನಗೂ ಆಕಿ ಕಲೀಲಿ ಅಂತ ಐತ್ರಿ ಅಕ್ಕೋರ" ಎಂದ ಮಲಕಾರಿ. "ಆದ್ರ ಬಾಯಿ ಬಿಡಲಾರದ ಕೂಸಿನ್ನ ಬಿಟ್ಟು ಹ್ಯಾಂಗ ಹೋಗ್ಲಿ? ಸಾಲ್ಯಾಗ ಹೊಟ್ಟಿ ನೋಯ್ತು ಅಂದ್ರ ಯಾರಿಗೆ ಹೇಳ್ತಾಳ?"

ಇಂಥ ಪ್ರಶ್ನೆ ಎದುರಾದಾಗ ತ್ರಿಶಲಾ ಅವರು ಮಾಡುತ್ತಿದ್ದುದು ಒಂದೇ, ಹೋಗಿ ನೋಡುವುದು. ಸಂಜೆ ಮಲಕಾರಿಯ ಹಟ್ಟಿಯ ಕಡೆ ನಡೆದಾಗ, ಬೇಲಿಯಾಚೆಯಿಂದ ಒಂದು ಗಟ್ಟಿ ಗಂಟಲು ಕೇಳಿಸಿತು: "ಏ ಭಾಡ್ಯಾ, ಅಲ್ಲೆಲ್ಲಿ ಸಾಯಾಕ ಹೊಂಟಿ? ಬಾ ಇಲ್ಲೆ!" ಬೈಸಿಕೊಳ್ಳುತ್ತಿದ್ದುದು ಒಂದು ಆಡು, ಬೈಯುತ್ತಿದ್ದವಳು ಗಂಗಾ. ತ್ರಿಶಲಾ ಅವರಿಗೆ ಅಲ್ಲೇ ಕುಣಿಯಬೇಕೆನಿಸಿತಂತೆ. ಇದು ಮೂಕತನವಲ್ಲ, ಸೊಕ್ಕೂ ಅಲ್ಲ. ಶಾಲೆಯ ಹೊಸ್ತಿಲು ದಾಟಿದೊಡನೆ ಗಂಟಲು ಹಿಡಿಯುವ ಅಂಜಿಕೆ. ಇಂಥ ಮಕ್ಕಳು ಎಲ್ಲ ದೇಶಗಳಲ್ಲೂ ಇದ್ದಾರೆ. ಅಂಥವರೊಡನೆ ಮಾಡಿ ನೋಡಿದ ದಾರಿಯೂ ಒಂದಿದೆ. ಮಗು ಯಾರೊಡನೆ ಸಲೀಸಾಗಿ ಮಾತಾಡುತ್ತದೋ ಅವರನ್ನೇ ಶಾಲೆಯೊಳಗೆ ತರಬೇಕು. ಮಾತು ಹರಿಯತೊಡಗಿದ ಮೇಲೆ ಹೊರಗಿನವರು ಒಬ್ಬೊಬ್ಬರಾಗಿ, ಮೆಲ್ಲಗೆ, ಹತ್ತಿರ ಬರಬೇಕು. ಒತ್ತಾಯ ಬೇಡ, ಗೋಗರೆಯುವುದೂ ಬೇಡ.

ಆ ದಾರಿಯನ್ನು ಕಂಡುಹಿಡಿದವರು ತಾಯಿಯನ್ನೋ ಅಣ್ಣನನ್ನೋ ಕರೆತಂದಿದ್ದರು. ಐಗಳಿಯ ಶಾಲೆಗೆ ಬಂದವರು ಕೆಂಪವ್ವ ಮತ್ತು ಆಡು. ಶಾಲೆ ಬಿಟ್ಟ ಮೇಲೆ ಬಿಸಿಯೂಟದ ಅಕ್ಕಿ ಇಡುವ ಕೋಣೆಯಲ್ಲಿ ಗಂಗಾಳೂ ಸೇರಿ ಈ ಮೂವರು; ಹೊರಗೆ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ತ್ರಿಶಲಾ. ಅಜ್ಜಿಯೊಡನೆ ಪಿಸುಮಾತು, ಆಡಿನೊಡನೆ ಜೋರು ಮಾತು. ಮರುವಾರ ತ್ರಿಶಲಾ ಬಾಗಿಲಿಗೆ ಬಂದರು, ಆಮೇಲೆ ಒಳಗೆ, ಬೆನ್ನು ತಿರುಗಿಸಿಕೊಂಡು. ಅಷ್ಟರಲ್ಲಿ ಆಡು 'ನಮ್ಮ ಆರೋಗ್ಯ' ಎಂಬ ಗೋಡೆಯ ಪಟವನ್ನೂ ಅತಿಥಿಯೊಬ್ಬರಿಗೆಂದು ತಂದಿದ್ದ ಚೆಂಡುಹೂವಿನ ಮಾಲೆಯನ್ನೂ ತಿಂದು ಮುಗಿಸಿತ್ತು. ಒಂದು ಸಂಜೆ ಬೆನ್ನ ಹಿಂದಿನಿಂದ ಸಣ್ಣ ದನಿ ಬಂತು: "ಅಕ್ಕೋರ, ಆಡು ನಿಮ್ಮ ಚಪ್ಪಲಿ ತಿನ್ನಾಕತ್ತೇತ್ರಿ."

"ಹೌದಾ? ಕಸಗೋ ಹೋಗು" ಎಂದು ತ್ರಿಶಲಾ ತಿರುಗದೆಯೇ ಶೇಂಗಾ ಸುಲಿದರು. ಅಂದು ಅಥಣಿಯ ಬಸ್ಸಿಗೆ ಅವರು ಬರಿಗಾಲಿನಲ್ಲಿ ನಡೆದು ಹೋದರು. ಅಷ್ಟು ಸುಖವಾಗಿ ಹಿಂದೆಂದೂ ನಡೆದಿರಲಿಲ್ಲವೆಂದು ಈಗಲೂ ಹೇಳುತ್ತಾರೆ.

ಇಲ್ಲಿ ಐಗಳಿ ಶಾಲೆಯ ಮುಖ್ಯಾಧ್ಯಾಪಕರಾದ ಶ್ರೀ ಕಾಕಾಸಾಹೇಬ ಚೌಗಲಾ ಅವರನ್ನು ಸ್ಮರಿಸದೆ ಮುಂದುವರಿಯುವಂತಿಲ್ಲ. ಸತ್ಕಾರವೆಂದರೆ ಅವರಿಗೆ ಉಸಿರು. ಅವರ ಕಪಾಟಿನಲ್ಲಿ ಶಾಲು, ಫೇಟಾ, ತೆಂಗಿನಕಾಯಿ ಸದಾ ಸಿದ್ಧವಿರುತ್ತಿದ್ದವು. ಬೋರ್‌ವೆಲ್ಲಿನ ಮೋಟರು ದುರಸ್ತಿ ಮಾಡಿದವನಿಗೆ ಸತ್ಕಾರ, ಮೋಟರು ಮತ್ತೆ ಕೆಟ್ಟು ಮತ್ತೆ ದುರಸ್ತಿಯಾದಾಗ ಅದೇ ಮನುಷ್ಯನಿಗೆ ಮತ್ತೆ ಸತ್ಕಾರ. ತ್ರಿಶಲಾ ಅವರು ಗಂಗಾಳ ಸುದ್ದಿಯನ್ನು ಅವರಿಗೆ ಹೇಳುವಾಗ "ಯಾರೂ ಗದ್ದಲ ಮಾಡಬಾರದ್ರಿ ಸರ್" ಎಂದು ಬಿಡಿಸಿ ಹೇಳಿದ್ದರು. ಆದರೆ ಕಾಕಾಸಾಹೇಬರ ಹೊಟ್ಟೆಯಲ್ಲಿ ಸಂತೋಷ ನಿಲ್ಲುವುದುಂಟೆ? ಸೋಮವಾರ ಪ್ರಾರ್ಥನೆ ಮುಗಿದೊಡನೆ ಧ್ವನಿವರ್ಧಕದಲ್ಲಿ ಗಂಗಾಳ ಹೆಸರು ಮೊಳಗಿತು. ತಲೆಗೆ ಕೇಸರಿ ಫೇಟಾ ಬಂತು, ಅದು ಮೂಗಿನವರೆಗೆ ಇಳಿಯಿತು. ಶಾಲು ನೆಲ ಗುಡಿಸಿತು. ಅಥಣಿಯಿಂದ ಬಂದ ಫೋಟೋದವನು "ನಗು, ನಗು" ಎಂದ. ಮೈಕು ಬಾಯಿಯ ಹತ್ತಿರ ಬಂತು: "ಈಗ ಕುಮಾರಿ ಗಂಗಾ ಎರಡು ಮಾತು ಆಡಬೇಕೆಂದು ವಿನಂತಿ."

ಅಂದಿನಿಂದ ಗಂಗಾ ಅಕ್ಕಿಯ ಕೋಣೆಯಲ್ಲೂ ಮಾತಾಡಲಿಲ್ಲ. ಅಜ್ಜಿಯೊಡನೆ ಇಲ್ಲ, ಆಡಿನೊಡನೆಯೂ ಇಲ್ಲ.

ತ್ರಿಶಲಾ ಅವರು ಸಿಟ್ಟಾದುದನ್ನು ನಾವು ಕಂಡದ್ದು ಅದೊಂದೇ ಸಲ. "ಕಪ್ಪಿ ಈಗಷ್ಟೆ ಚಿಪ್ಪಿನಿಂದ ತಲಿ ಹೊರಗ ಹಾಕಿತ್ತರಿ ಸರ್, ನೀವು ತಲಿಗೆ ಫೇಟಾ ಸುತ್ತಿದ್ರಿ!" ಎಂದರು. ಹೋಲಿಕೆ ತಪ್ಪಿತೆಂದು, ಚಿಪ್ಪಿರುವುದು ಕಪ್ಪೆಗಲ್ಲ, ಆಮೆಗೆಂದು ಅವರಿಗೆ ಹೊಳೆದದ್ದು ಬಹಳ ತಡವಾಗಿ. ಕಾಕಾಸಾಹೇಬರೂ ತಿದ್ದುವ ಸ್ಥಿತಿಯಲ್ಲಿರಲಿಲ್ಲ. ಆ ಭಾರಿ ಆಳು ಖುರ್ಚಿಯಲ್ಲಿ ಕುಗ್ಗಿ ಕೂತು, ಕನ್ನಡಕ ತೆಗೆದು ಹೇಳಿದರು: "ನನಗ ಖುಷಿ ಆದ್ರ ಸತ್ಕಾರ ಮಾಡೋದು ಬಿಟ್ಟು ಬ್ಯಾರೆ ಏನೂ ಬರಂಗಿಲ್ರಿ. ಯಾರೂ ಕಲಿಸಿಲ್ಲ."

ಆ ಮಾತು ಕೇಳಿ ತ್ರಿಶಲಾ ಅವರ ಸಿಟ್ಟು ಇಳಿಯಿತು. ಕಲಿಸಿಲ್ಲವೆಂದು ಒಪ್ಪಿಕೊಂಡವರನ್ನು ಅವರು ಎಂದೂ ಕೈಬಿಟ್ಟವರಲ್ಲ. ಅಂದಿನಿಂದ ಶಾಲೆಯಲ್ಲಿ ಅವರಿಗೆ ಇಬ್ಬರು ವಿದ್ಯಾರ್ಥಿಗಳಾದರು, ಒಬ್ಬಳು ಮಾತಾಡಲಾರದವಳು, ಇನ್ನೊಬ್ಬರು ಸುಮ್ಮನಿರಲಾರದವರು. ಮೊದಲ ಪಾಠ: ಕಬಡ್ಡಿಯಲ್ಲಿ ಗೆದ್ದು ಬಂದ ಅಮೋಲನೆಂಬ ಹುಡುಗನನ್ನು ಕಾಕಾಸಾಹೇಬರು ಪಕ್ಕಕ್ಕೆ ಕರೆದು, ಸಣ್ಣ ದನಿಯಲ್ಲಿ, "ಕಾಲು ಚಲೋ ಹಿಡದಿ" ಎಂದಷ್ಟೇ ಹೇಳಿ ನಡೆಯಬೇಕು. ಹೇಳಿದರು, ನಡೆದರು, ಕೋಣೆಗೆ ಹೋಗಿ ಬೆವರು ಒರೆಸಿಕೊಂಡರು. ಅಮೋಲ ಮಾತ್ರ ಆ ಮಾತನ್ನು ಮನೆಯಲ್ಲಿ ವಾರವಿಡೀ ಹೇಳಿದನಂತೆ. ಫೇಟಾ ಸಿಕ್ಕವರಾರೂ ಹಾಗೆ ಹೇಳಿಕೊಂಡಿರಲಿಲ್ಲ.

ಅಕ್ಕಿಯ ಕೋಣೆಯಲ್ಲಿ ಕೆಲಸ ಮೊದಲಿನಿಂದ ಶುರುವಾಯಿತು. ಆಡಿಗೆ ಬೈಗುಳ ಮರಳಿತು, ಆಮೇಲೆ ಅಜ್ಜಿಗೆ ಪಿಸುಮಾತು, ಆಮೇಲೆ ಅಕ್ಕೋರಿಗೂ ಒಂದೊಂದು ಮಾತು. ಕೊನೆಗೆ ಕಾಕಾಸಾಹೇಬರ ಸರದಿ. ಅವರು ಬೆನ್ನು ತಿರುಗಿಸಿ ಅಕ್ಕಿಯ ಚೀಲದ ಮೇಲೆ ಕೂರಬೇಕು, ಆಡಿನ ಸಂಗಡ ಮಾತ್ರ ಮಾತಾಡಬಹುದು. ಆಡು ಬಂದು ಅವರ ಟವೆಲ್ಲಿನ ತುದಿ ಜಗಿಯತೊಡಗಿತು. ರೂಢಿಬಲದಿಂದ ಅವರು ಅದಕ್ಕೂ, "ಬರ್ರಿ, ಕೂಡ್ರಿ" ಎಂದರು.

ಹಿಂದೆ ಕಿಸಕ್ಕನೆ ನಗು. "ಸರ್, ಆಡಿಗೆ ಬರ್ರಿ ಅನ್ನಬಾರದ್ರಿ."

ಕಾಕಾಸಾಹೇಬರು ಟವೆಲ್ಲಿನ ಇನ್ನೊಂದು ತುದಿಯನ್ನು ತಮ್ಮ ಬಾಯಿಗೆ ತುರುಕಿಕೊಂಡು ಸುಮ್ಮನಾದರು. ಇದನ್ನು ಕಣ್ಣಾರೆ ಕಂಡ ತ್ರಿಶಲಾ ಅವರ ಪ್ರಕಾರ, ಶಿಕ್ಷಣ ಕ್ಷೇತ್ರದಲ್ಲಿ ಅದಕ್ಕಿಂತ ದೊಡ್ಡ ಸಂಯಮ ಇನ್ನೊಂದಿಲ್ಲ.

ಆದರೂ ತರಗತಿಯ ನಡುವೆ ಗಂಗಾ ಇನ್ನೂ ಮೌನಿಯೇ. ದೀಪಾವಳಿ ಮುಗಿಯಿತು. ಕುರಿಗಳು ಹೊರಡುವ ಬೆಳಿಗ್ಗೆ ಮಲಕಾರಿ ಹೆಗಲಿಗೆ ಕಂಬಳಿ ಹಾಕಿಕೊಂಡು, ಮಗಳನ್ನು ಕರೆದೊಯ್ಯಲು ಶಾಲೆಯ ಕಿಟಕಿಯ ಹೊರಗೆ ಬಂದು ನಿಂತ. ಪಕ್ಕದಲ್ಲಿ ತ್ರಿಶಲಾ ನಿಂತರು. "ಹಾಜರಿ ಮುಗೀಲಿ" ಎಂದಷ್ಟೇ ಕೇಳಿಕೊಂಡರು. ಅದಕ್ಕಿಂತ ಹೆಚ್ಚು ಕೇಳಲು ಅವರಿಗೆ ಧೈರ್ಯವಿರಲಿಲ್ಲ. ಅಂದು ತರಗತಿಯ ಶಿಕ್ಷಕಿ ರಜೆಯಲ್ಲಿದ್ದರು. ಹಾಜರಿ ಕೂಗಲು ಬಂದವರು ಕಾಕಾಸಾಹೇಬರು. ಗಂಗಾಳ ಪರವಾಗಿ ಯಾರೂ ಕೂಗಕೂಡದೆಂದು ಮಕ್ಕಳಿಗೆ ಮೊದಲೇ ಹೇಳಲಾಗಿತ್ತು.

"ಗಂಗಾ."

ಕಾಕಾಸಾಹೇಬರು ತಲೆ ಎತ್ತಲಿಲ್ಲ, ಮತ್ತೊಮ್ಮೆ ಕೂಗಲಿಲ್ಲ, ಗಂಟಲು ಸರಿಮಾಡಿಕೊಳ್ಳಲಿಲ್ಲ. ಕಲಿತಂತೆ ಕಾದರು. ಕಿಟಕಿಯ ಹೊರಗೆ ಮಲಕಾರಿ ಕಂಬಳಿಯನ್ನು ಬಿಗಿಯಾಗಿ ಹಿಡಿದ.

"ಹಾಜರ್ರೀ."

ಕಾಕಾಸಾಹೇಬರು ಗುರುತು ಹಾಕಿ, ಮುಂದಿನ ಹೆಸರು ಕೂಗಿದರು. "ಜಯಪಾಲ." ದನಿ ಒಡೆದಿತ್ತು. ಜಯಪಾಲನೋ, ಬಾಯಿ ತೆರೆದುಕೊಂಡು ಗಂಗಾಳನ್ನೇ ನೋಡುತ್ತಿದ್ದ.

"ಜಯಪಾಲ, ನಿನಗೇನಾತೋ? ನಿನಗೂ ಆಡು ತರಬೇಕೇನು?"

ತರಗತಿ ಗೊಳ್ಳೆಂದು ನಕ್ಕಿತು, ಗಂಗಾಳೂ ನಕ್ಕಳು. ಮಲಕಾರಿ ಕಂಬಳಿಯ ಅಂಚಿನಿಂದ ಮುಖ ಒರೆಸಿಕೊಂಡು, "ನಮ್ಮ ಮುದುಕಿ ಅವ್ವನ ಕಡೆ ಲಕ್ಷ್ಯ ಇಡ್ರಿ ಅಕ್ಕೋರ, ಹೊಟ್ಟಿ ನೋಯ್ತಂದ್ರ ಕೂಸು ಹೇಳ್ತಾಳ" ಎಂದು ಒಬ್ಬನೇ ಕುರಿಗಳ ಹಿಂದೆ ಹೊರಟ.

ನಿವೃತ್ತಿಯೆಂಬುದು ತ್ರಿಶಲಾ ಅವರ ಸಂಬಳಕ್ಕೆ ಬಂದಿದೆ, ಅವರ ಕಾಲಿಗೆ ಬಂದಿಲ್ಲ. ರಾಯಬಾಗ ತಾಲೂಕಿನ ಅಲಖನೂರದಲ್ಲಿ ಒಬ್ಬ ಹುಡುಗ ಜೂನ್ ತಿಂಗಳಿನಿಂದ ಬಾಯಿ ಬಿಟ್ಟಿಲ್ಲವೆಂದು ತಿಳಿದು, ಅವರು ಈಗಾಗಲೇ ಬಸ್ಸಿನ ವೇಳೆ ವಿಚಾರಿಸಿದ್ದಾರೆ. ಬಸ್ಸಿನ ಮೆಟ್ಟಿಲು ಹತ್ತುವ ಶಕ್ತಿ ಅವರ ಮೊಣಕಾಲಿಗೆ ಬಹುಕಾಲ ಇರಲಿ, ಹೊಸ ಹೊಸ ಮಕ್ಕಳ ದನಿ ಕೇಳುವ ಭಾಗ್ಯ ಅವರ ಕಿವಿಗೆ ನೂರು ವರ್ಷ ಇರಲಿ ಎಂದು ನಾವೆಲ್ಲರೂ ಹಾರೈಸುತ್ತೇವೆ. ಅಲಖನೂರದ ಮುಖ್ಯಾಧ್ಯಾಪಕರಿಗೆ ಕಾಕಾಸಾಹೇಬರು ತಾವಾಗಿಯೇ ಫೋನು ಮಾಡಿ, ಬಹಳ ಹೊತ್ತು ಮಾತಾಡಿ, ಕೊನೆಗೆ ಹೇಳಿದ್ದು ಇಷ್ಟು: "ಹುಡುಗ ಮಾತಾಡಿದ ದಿವಸ ಸುಮ್ನ ಕುಂದರ್ರಿ. ಭಾಳ ತ್ರಾಸ ಆಗತೈತಿ, ಎದಿ ಒಡದಂಗ ಆಗತೈತಿ. ಆದ್ರೂ ಸುಮ್ನ ಕುಂದರ್ರಿ."