ಸೊನ್ನೆಯಿಂದ ಶುರುವಾಗುವ ಬೆಲೆ

ಬೆಳಗಿನ ಆರು ಗಂಟೆ. ಕುಪ್ಪೇಲೂರಿನ ಮನೆಯ ಕಟ್ಟೆಯ ಮೇಲೆ ಮಾಲತೇಶ ಒಂಬತ್ತು ವರ್ಷದ ಮಗಳು ಪದ್ಮಜಾಳ ತಲೆ ಬಾಚುತ್ತಿದ್ದಾರೆ. ಹೆಂಡತಿ ಶ್ರೀದೇವಿ ನಸುಕಿನಲ್ಲೇ ಹೊಲದ ಕೆಲಸಕ್ಕೆ ಹೋಗಿದ್ದಾರೆ. ಒಂದು ಜಡೆ ಮುಗಿಯುವಷ್ಟರಲ್ಲಿ ಫೋನು. "ರೇಟ್ ಇಳದೈತಿ, ಲಗೂ ಬಾ." ಅರ್ಧ ಬಾಚಿದ ತಲೆಯ ಮಗಳನ್ನು ಬೈಕಿಗೆ ಹತ್ತಿಸಿಕೊಂಡು ರಾಣೆಬೆನ್ನೂರಿಗೆ ಹೊರಟೇಬಿಡುತ್ತಾರೆ; ಅವರ ಬಗ್ಗೆ ಬರೆಯಲು ಬಂದ ನಾನೂ ಹಿಂದೆಯೇ. ಮಗಳ ಶಾಲೆಯೂ ಅದೇ ಊರಿನಲ್ಲಿ.

ಅಲ್ಲಿ ಹೆದ್ದಾರಿಯ ಪಕ್ಕ ಎರಡು ಎಲೆಕ್ಟ್ರಿಕ್ ಕಾರಿನ ಶೋರೂಮುಗಳು ಎದುರುಬದುರು ನಿಂತಿವೆ. ಎರಡರಲ್ಲೂ ಕಾರಿನ ಗಾಜಿನ ಮೇಲೆ ಬೆಲೆ ಬರೆಯುವವರು ಇವರೊಬ್ಬರೇ. ಮೊದಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. "ಫ್ಲೆಕ್ಸ್ ಬಂತ್ರಿ, ಬ್ರಷ್ ಅಟ್ಟದ ಮ್ಯಾಲ ಹೋತು. ಈ ಕರೆಂಟ್ ಗಾಡಿ ಬಂದು ಕೆಳಗ ಇಳಿಸಿದ್ವು." ಪೈಪೋಟಿಯಲ್ಲಿ ಬೆಲೆ ಬದಲಾಗುವ ವೇಗಕ್ಕೆ ಅಚ್ಚು ಹಾಕಿಸುವುದು ಪೂರೈಸುವುದಿಲ್ಲ. ಈ ವರ್ಷ ಒಂದೇ ಕಾರಿನ ಬೆಲೆಯನ್ನು ಹನ್ನೊಂದು ಸಲ ಒರೆಸಿ ಬರೆದಿದ್ದಾರೆ. ಹನ್ನೆರಡೂವರೆ ಲಕ್ಷದ್ದು ಒಂಬತ್ತರ ಹತ್ತಿರ ಬಂದಿದೆ. ಒಂದು ಗಾಜಿಗೆ ನೂರೈವತ್ತು ರೂಪಾಯಿ ಕೂಲಿ.

ಫೋನು ಮಾಡಿದ ಶೋರೂಮಿನಲ್ಲಿ ಅವರು ಬಲದಿಂದ ಎಡಕ್ಕೆ ಬರೆಯುತ್ತಾರೆ. ಮೊದಲು ಸೊನ್ನೆಗಳು. ಗಾಜಿನಲ್ಲಿ ಬೆಳಗಿನ ಮೋಡ ತೇಲುತ್ತಿದೆ, ಅದರ ಮೇಲೆ ಬಿಳಿ ಸೊನ್ನೆಗಳೂ ತೇಲುತ್ತವೆ. "ಸೊನ್ನಿ ನೋಡಿದ್ರ ಯಾರಿಗೇನು ತಿಳೀತೈತ್ರಿ? ಲಕ್ಷದ ಅಂಕಿ ಕಡೀಗೆ." ಅದನ್ನು ಬರೆದದ್ದೇ ತಡ, ಗಾಜಿಗೆ ಬಟ್ಟೆ ಹೊದಿಸುತ್ತಾರೆ. ಹತ್ತು ಗಂಟೆಗೆ ಮಾಲೀಕರೇ ಅದನ್ನು ಸರಿಸಬೇಕು. ಅಷ್ಟರಲ್ಲಿ ಮಗುವಿನ ಇನ್ನೊಂದು ಜಡೆ ನಾನು ಹೆಣೆದು ಮುಗಿಸುತ್ತೇನೆ.

ರಸ್ತೆ ದಾಟಿದರೆ ಎದುರಿನ ಶೋರೂಮಿನ ಮ್ಯಾನೇಜರ್ ವಿಜಯೇಂದ್ರ ಚಹಾ ಹಿಡಿದು ಕಾದಿದ್ದಾರೆ.

"ಆ ಕಡೆ ಎಷ್ಟ ಬರದ್ಯೋ ಮಾಲತೇಶ?"

"ಸೊನ್ನಿ ಬರದೇನ್ರಿ ಸರ್."

"ಶಾಣ್ಯಾ ಅದೀಪಾ! ಹೇಳಿಬಿಡೋ ಮಾರಾಯಾ, ಅದಕ್ಕಿಂತ ಹತ್ತು ಸಾವಿರ ಇಳಸ್ತೀನಿ. ಹಾವೇರಿ, ಬ್ಯಾಡಗಿ ಶೋರೂಮಿನ ಕೆಲಸಾನೂ ನಿನಗ. ಇಲ್ಲಂದ್ರ ಬರೋ ತಿಂಗಳು ಲೈಟಿನ ಬೋರ್ಡ್ ಹಾಕಸ್ತೀನಿ, ನಿನ್ನ ಬ್ರಷ್ ಬ್ಯಾಡ."

ಮಾಲತೇಶ ಚಹಾ ಕೆಳಗಿಡುತ್ತಾರೆ. "ನಿಮ್ಮ ರೇಟು ಅಲ್ಲಿ ಯಾವತ್ತೂ ಹೇಳಿಲ್ರಿ. ಅವರದೂ ಹತ್ತರತನಕ ನನ್ನ ಹೊಟ್ಟ್ಯಾಗ ಇರಲಿ."

ವಿಜಯೇಂದ್ರರ ನಗು ಆರುತ್ತದೆ. "ಹಂಗಾದ್ರ ಹಳೇ ರೇಟ ಮ್ಯಾಲ ತಿದ್ದಿ ಹೋಗು. ಬೋರ್ಡಿನವರಿಗೆ ಇವತ್ತ ಫೋನ್ ಮಾಡ್ತೀನಿ," ಎಂದು ಒಳಗೆ ಹೋಗುತ್ತಾರೆ.

ಮಾಸಿದ ಅಂಕಿಗಳನ್ನು ಮಾಲತೇಶ ಮತ್ತೆ ಬರೆಯತೊಡಗುತ್ತಾರೆ. ನಿಮಗೂ ಒಂದು ಕಾರು ಬೇಕೆನಿಸುವುದಿಲ್ಲವೇ ಎಂದರೆ ಬ್ರಷ್ ನಿಲ್ಲುತ್ತದೆ. "ಇದಕ್ಕ ಸಪ್ಪಳ ಇಲ್ಲಲ್ರಿ. ಇಕೀನ್ನೂ ಇವರವ್ವನ್ನೂ ಕುಂದರಿಸ್ಕೊಂಡು ಐರಣಿಗೆ ಹೋದ್ರ ಹೊಳಿ ಸಪ್ಪಳ ದೂರದಿಂದನ ಕೇಳತೈತಿ ಅನ್ನಸ್ತೈತಿ. ಎಂಟ ಲಕ್ಷಕ್ಕ ಇಳೀಲಿ, ಸಾಲ ಮಾಡಿ ತಗೋಬೇಕು, ಬಾಡಿಗಿ ಹೊಡದು ತೀರಸಬೇಕು ಅಂತ ಐತಿ."

ಪದ್ಮಜಾ ರಸ್ತೆಯ ಆಚೆ ಬಟ್ಟೆ ಹೊದ್ದ ಕಾರನ್ನು ನೋಡುತ್ತಾಳೆ, ಅಪ್ಪನನ್ನು ನೋಡುತ್ತಾಳೆ.

"ಅಪ್ಪಾ, ನೀ ಹೇಳಿದ್ದಿದ್ರ ಇವ್ರು ಇಳಸ್ತಿದ್ರು. ಆಮ್ಯಾಲ ಅವ್ರೂ ಇಳಸ್ತಿದ್ರು. ಹಂಗ ಇಳಕೋಂತ ಇಳಕೋಂತ ನಮ್ಮ ಮನೀತನಕ ಬರ್ತಿತ್ತೋ ಇಲ್ಲೋ?"